24 ಲೇಖನ, 52 ಹಾಳೆ, ಒಂದು ಸೂಜಿ

ಮೊದಲ ಪ್ರತಿ ಹತ್ತೇ ದಿನಕ್ಕೆ ಹಾಳೆ ಉದುರಿಸಲು ಶುರು ಮಾಡಿತು. ‘ಚಂದ್ರ’ ಲೇಖನದ ನಡುವಿನ ಹಾಳೆ ಮೊದಲು ಕೈಗೆ ಬಂತು. ಸುಮ್ನೆ ಒಳಗೆ ತುರುಕಿ ಇಟ್ಟೆ. ಮರುದಿನ ಅದರ ಅಕ್ಕಪಕ್ಕದ ಎರಡು ಬಂದವು. ವಾರ ಕಳೆಯುವಷ್ಟರಲ್ಲಿ ಪುಸ್ತಕವನ್ನು ಎರಡೂ ಕೈಯಲ್ಲಿ ಹಿಡಿದೇ ಓದಬೇಕಾಯಿತು.

ವಿಕಿಪೀಡಿಯದ ಲೇಖನಗಳನ್ನು ಸೇರಿಸಿ ಪುಸ್ತಕ ಮಾಡುವ ನನ್ನ ಮೊದಲ ಪ್ರಯತ್ನ ಹೀಗಾಯಿತು. ಹಾಳೆ ಉದುರಿದ್ದು ಸಣ್ಣ ದೋಷ, ಅದಕ್ಕೆ ಗೋಂದು ಇದೆ. ದೊಡ್ಡ ದೋಷ ಓದಲು ಕೂತಾಗ ಕಂಡಿತು. ಒಳಗಿದ್ದ ಲೇಖನಗಳಿಗೆ ಒಂದಕ್ಕೊಂದು ಪರಿಚಯವೇ ಇರಲಿಲ್ಲ. ಜೇನುನೊಣ ಮುಗಿದರೆ ಭೂಕಂಪ, ಅದು ಮುಗಿದರೆ ಸೊನ್ನೆ. ಒಂದೇ ಬಸ್ಸಿನಲ್ಲಿ ಕೂತ ಅಪರಿಚಿತರ ಹಾಗೆ ಎಲ್ಲರೂ ಬೇರೆ ಬೇರೆ ಕಿಟಕಿ ನೋಡುತ್ತಿದ್ದರು.

ಇದು ಎರಡನೇ ಪ್ರತಿಯ ಕೆಲಸದ ದಾಖಲೆ. ಕೊನೆಯಲ್ಲಿ ಮೊದಲನೆಯದರ ರಿಪೇರಿಯೂ ಇದೆ.

ಲೇಖನ ಆರಿಸಿದ್ದು

ಹಿಂದೆ ಈ ಕೆಲಸಕ್ಕೆ ವಿಕಿಪೀಡಿಯದಲ್ಲೇ ಒಂದು ಸೌಲಭ್ಯ ಇತ್ತು. ‘ಪುಸ್ತಕ ರಚಿಸಿ’ ಅಂತ ಒತ್ತಿ, ಲೇಖನಗಳನ್ನು ಒಂದೊಂದಾಗಿ ಬುಟ್ಟಿಗೆ ಹಾಕಿಕೊಂಡರೆ ಪಿಡಿಎಫ್ ಸಿಗುತ್ತಿತ್ತು. ಜರ್ಮನಿಯ ಪೀಡಿಯಾಪ್ರೆಸ್ ಎಂಬ ಕಂಪನಿಯಿಂದ ಅದನ್ನೇ ಅಚ್ಚು ಹಾಕಿಸಿಯೂ ತರಿಸಿಕೊಳ್ಳಬಹುದಿತ್ತು. ಆ ಪಿಡಿಎಫ್ ಮಾಡುತ್ತಿದ್ದ ಸಾಫ್ಟ್‌ವೇರನ್ನು 2017ರಲ್ಲಿ ನಿಲ್ಲಿಸಿದರು. ಈಗ ಒಂದೊಂದೇ ಲೇಖನವನ್ನು ಪಿಡಿಎಫ್ ಆಗಿ ಇಳಿಸಿಕೊಳ್ಳಬಹುದು, ಅಷ್ಟೇ. ನಾನು ಮೊದಲ ಸಲ ಮಾಡಿದ್ದೂ ಅದನ್ನೇ. 24 ಪಿಡಿಎಫ್ ಇಳಿಸಿ, ಒಂದಕ್ಕೊಂದು ಅಂಟಿಸಿ, ಮುದ್ರಿಸಿದೆ. ಪ್ರತಿ ಲೇಖನಕ್ಕೂ ಪುಟಸಂಖ್ಯೆ 1ರಿಂದ ಶುರು. ನಗಬೇಡಿ.

ಈ ಸಲ ಬೇರೆ ದಾರಿ ಹಿಡಿದೆ. ವಿಕಿಪೀಡಿಯದ ಲೇಖನದಲ್ಲಿ ನೀಲಿ ಕೊಂಡಿಗಳು ಇರುತ್ತವಲ್ಲ, ಅವೇ ಲೇಖನಗಳ ನಡುವಿನ ನೆಂಟಸ್ತಿಕೆ. ಪರದೆಯ ಮೇಲೆ ಅವು ಬಾಗಿಲುಗಳು, ಕಾಗದದ ಮೇಲೆ ಬರೀ ಬಣ್ಣ. ಹಾಗಿದ್ದರೆ ಲೇಖನ ಆರಿಸುವುದನ್ನೂ ಅವುಗಳನ್ನು ಸಾಲಿಗೆ ಕೂರಿಸುವುದನ್ನೂ ಆ ಕೊಂಡಿಗಳಿಗೇ ಬಿಟ್ಟರೆ ಹೇಗೆ?

ಇಷ್ಟವಾದ 40 ಲೇಖನಗಳ ಪಟ್ಟಿ ಮಾಡಿದೆ. ಯಾವ ಲೇಖನದಿಂದ ಯಾವುದಕ್ಕೆ ಕೊಂಡಿ ಇದೆ ಅಂತ ಎಣಿಸಲು ಪೈಥಾನ್‌ನಲ್ಲಿ ಹದಿನೈದು ಸಾಲಿನ ಒಂದು ಪ್ರೋಗ್ರಾಂ ಬರೆದೆ. ಮೊದಲ ಓಟದಲ್ಲಿ ಸಿಕ್ಕಿದ್ದು 38 ಕೊಂಡಿ. ತುಂಬಾ ಕಡಿಮೆ ಅನಿಸಿತು. ಕೈಯಿಂದ ಪರೀಕ್ಷಿಸಿದಾಗ ಕಾರಣ ಸಿಕ್ಕಿತು. ಮೇಣದಬತ್ತಿಯ ಲೇಖನ ‘ಜೇನುಮೇಣ’ಕ್ಕೆ ಕೊಂಡಿ ಕೊಟ್ಟಿತ್ತು. ಆ ಹೆಸರಿನ ಪುಟ ಓದುಗರನ್ನು ಸದ್ದಿಲ್ಲದೆ ‘ಮೇಣ’ದ ಪುಟಕ್ಕೆ ಕಳಿಸುತ್ತಿತ್ತು. ಇಂಥ ಪುನರ್ನಿರ್ದೇಶನಗಳು ನನ್ನ ಪ್ರೋಗ್ರಾಂಗೆ ಗೊತ್ತಿರಲಿಲ್ಲ. ಅದನ್ನು ಸೇರಿಸಿದ ಮೇಲೆ ಲೆಕ್ಕ 61ಕ್ಕೆ ಏರಿತು.

ಆಮೇಲೆ ಕೊಂಡಿ ಹಿಡಿದು ನಡೆದೆ. ಜೇನುನೊಣದಿಂದ ಮೇಣ, ಮೇಣದಿಂದ ಮೇಣದಬತ್ತಿ, ಅಲ್ಲಿಂದ ಬೆಂಕಿ. ಬೆಂಕಿಯಿಂದ ಗಾಜು, ಗಾಜಿನಿಂದ ಮಸೂರ, ಮಸೂರದಿಂದ ದೂರದರ್ಶಕ. ದೂರದರ್ಶಕದಿಂದ ಚಂದ್ರ, ಚಂದ್ರನಿಂದ ಉಬ್ಬರವಿಳಿತ, ಅಲ್ಲಿಂದ ಸಮುದ್ರ, ಸಮುದ್ರದಿಂದ ಉಪ್ಪು. ಸಾಲು ಹೀಗೇ ಬೆಳೆಯುತ್ತಾ ಹೋಗಿ ಕೊನೆಗೆ ಶಾಯಿ ಮತ್ತು ಕಾಗದಕ್ಕೆ ಬಂದು ನಿಂತಿತು. ನಾನು ಯೋಚಿಸಿ ಜೋಡಿಸಿದ್ದರೆ ಇಷ್ಟು ಚೆನ್ನಾಗಿ ಬರುತ್ತಿರಲಿಲ್ಲ. ಸಾಲಿಗೆ ಸೇರದೆ ಉಳಿದವೂ ಇದ್ದವು. ‘ಚದುರಂಗ’ವಂತೂ ಯಾರಿಗೂ ಅಂಟಲಿಲ್ಲ. ಅದರಿಂದ ಹೊರಗೆ ಕೊಂಡಿಗಳಿದ್ದವು, ಆದರೆ ನನ್ನ ಪಟ್ಟಿಯ ಯಾರ ಕಡೆಗೂ ಇರಲಿಲ್ಲ. ಬೇಜಾರಿನಲ್ಲೇ ಕೈಬಿಟ್ಟೆ. ಕೊನೆಗೆ ಉಳಿದದ್ದು ಮತ್ತೆ 24 ಲೇಖನ, ಅದರಲ್ಲಿ ಅರ್ಧಕ್ಕರ್ಧ ಹೊಸವು.

ಇನ್ನೊಂದು ಮಾತು. ಉದ್ದವಾದ ಲೇಖನ ಅಂದರೆ ಒಳ್ಳೆಯ ಲೇಖನ ಅಂತ ಅಲ್ಲ. ಯಂತ್ರಾನುವಾದದಿಂದ ಬಂದ ಉದ್ದುದ್ದ ಲೇಖನಗಳು ಕನ್ನಡದಲ್ಲಿ ಬೇಕಾದಷ್ಟಿವೆ. ಎರಡು ಪ್ಯಾರಾ ಜೋರಾಗಿ ಓದಿ ನೋಡಿ, ಗೊತ್ತಾಗಿಬಿಡುತ್ತದೆ. ಯಾರೋ ಕೂತು ಬರೆದ ಒಂದೂವರೆ ಪುಟದ ಲೇಖನ ಅದಕ್ಕಿಂತ ಎಷ್ಟೋ ವಾಸಿ. 17 ಲೇಖನಗಳನ್ನು ಕನ್ನಡ ವಿಕಿಪೀಡಿಯದಿಂದ ತೆಗೆದುಕೊಂಡೆ. ಉಳಿದ 7ನ್ನು ಇಂಗ್ಲಿಷ್ ಲೇಖನ ಎದುರಿಗಿಟ್ಟುಕೊಂಡು ನಾನೇ ಕನ್ನಡಕ್ಕೆ ಬರೆದೆ. ಆ ಏಳರಲ್ಲಿ ನಾಲ್ಕನ್ನು ವಾಪಸ್ ವಿಕಿಪೀಡಿಯಕ್ಕೆ ಹಾಕಿದ್ದೇನೆ.

ತೂತು ಬಿದ್ದ ವಾಕ್ಯ

ಲೇಖನ ಇಳಿಸಿಕೊಳ್ಳಲು ಎರಡು ದಾರಿ. ಒಂದು ವಿಕಿಪಠ್ಯ, ಅಂದರೆ ಸಂಪಾದಿಸುವಾಗ ಕಾಣುವ ಚೌಕ ಕಂಸಗಳ ಬರಹ. ಇನ್ನೊಂದು ಬ್ರೌಸರ್ ನೋಡುವ ಎಚ್‌ಟಿಎಂಎಲ್. ವಿಕಿಪಠ್ಯ ಚೊಕ್ಕವಾಗಿದೆ ಅಂತ ಮೊದಲು ಅದನ್ನೇ ತೆಗೆದುಕೊಂಡು, ಕಡತಗಳ ರೂಪ ಬದಲಿಸುವ ತಂತ್ರಾಂಶ ಪ್ಯಾಂಡಾಕ್‌ಗೆ ಕೊಟ್ಟೆ. ಹತ್ತು ಸೆಕೆಂಡಿನಲ್ಲಿ ಎಲ್ಲಾ ಪರಿವರ್ತನೆ ಆಯಿತು. ಭಾರೀ ಖುಷಿ. ಕರಡು ಓದುವಾಗ ಈ ವಾಕ್ಯ ಸಿಕ್ಕಿತು:

“ಚಂದ್ರನು ಭೂಮಿಯಿಂದ ಸರಾಸರಿ ದೂರದಲ್ಲಿದೆ.”

ಎಷ್ಟು ಸರಾಸರಿ? ಎಷ್ಟು ದೂರ? ಸಂಖ್ಯೆಯೇ ಮಾಯ. ಮೂಲದಲ್ಲಿ ಆ ಸಂಖ್ಯೆ ಒಂದು ಟೆಂಪ್ಲೇಟಿನ, ಅಂದರೆ ಹಲವು ಪುಟಗಳಲ್ಲಿ ಬಳಸುವ ಸಿದ್ಧ ತುಣುಕಿನ, ಒಳಗಿತ್ತು. ಕಿಲೋಮೀಟರನ್ನು ಮೈಲಿಗೆ ತಾನೇ ಬದಲಿಸಿ ತೋರಿಸುವ ಟೆಂಪ್ಲೇಟು ಅದು. ಪ್ಯಾಂಡಾಕ್‌ಗೆ ವಿಕಿಯ ಟೆಂಪ್ಲೇಟುಗಳನ್ನು ಬಿಡಿಸಲು ಬರುವುದಿಲ್ಲ, ಹಾಗಾಗಿ ಬಿಟ್ಟುಬಿಟ್ಟಿದೆ. ತೊಂದರೆ ಏನೆಂದರೆ ವಾಕ್ಯ ಮುರಿದಂತೆ ಕಾಣುವುದಿಲ್ಲ. ವ್ಯಾಕರಣ ಸರಿಯಾಗೇ ಇದೆ, ತೂತು ಮಾತ್ರ ಕಣ್ಣಿಗೆ ಬೀಳುವುದಿಲ್ಲ. ಹುಡುಕಿದಾಗ ಇಂಥವು ಇನ್ನೂ ಹನ್ನೊಂದು ಸಿಕ್ಕವು.

ಎಚ್‌ಟಿಎಂಎಲ್ ದಾರಿಗೆ ಬಂದೆ. ವಿಕಿಪೀಡಿಯದ ಎಪಿಐಗೆ (ಪ್ರೋಗ್ರಾಂಗಳು ಮಾಹಿತಿ ಕೇಳಿ ಪಡೆಯುವ ಕಿಟಕಿ) ಲೇಖನದ ಹೆಸರಿನ ಜೊತೆ ಪರಿಷ್ಕರಣೆಯ, ಅಂದರೆ ಪ್ರತಿ ತಿದ್ದುಪಡಿಯ ನಂತರದ ಆವೃತ್ತಿಯ, ಸಂಖ್ಯೆ ಕೊಟ್ಟು ಕೇಳಿದರೆ, ಟೆಂಪ್ಲೇಟುಗಳೆಲ್ಲಾ ಬಿಡಿಸಿದ ಪುಟ ಬರುತ್ತದೆ. ಪರಿಷ್ಕರಣೆಯ ಸಂಖ್ಯೆ ಕೊಡುವುದನ್ನು ಮರೆಯಬೇಡಿ. ನನ್ನ ಮೊದಲ ಪ್ರತಿಯಲ್ಲಿ ‘ಉಪ್ಪು’ ಲೇಖನದ ಮೂರನೇ ಪ್ಯಾರಾದಲ್ಲಿ “ಹಾಯ್ ಎಲ್ರಿಗೂ” ಅಂತ ಅಚ್ಚಾಗಿದೆ. ನಾನು ಇಳಿಸಿಕೊಂಡ ಆ ಗಳಿಗೆಯಲ್ಲಿ ಯಾರೋ ಕಿಡಿಗೇಡಿ ಅದನ್ನು ಸೇರಿಸಿದ್ದರು. ಇತಿಹಾಸ ತೆಗೆದು ನೋಡಿದರೆ ಇಪ್ಪತ್ತು ನಿಮಿಷದಲ್ಲಿ ಇನ್ಯಾರೋ ತೆಗೆದುಹಾಕಿದ್ದಾರೆ. ಆ ಇಪ್ಪತ್ತು ನಿಮಿಷದೊಳಗೇ ನಾನು ಹೋಗಿದ್ದೆ. ಈಗ ಮೊದಲು ಇತಿಹಾಸ ನೋಡುತ್ತೇನೆ, ಸರಿಯಿರುವ ಒಂದು ಪರಿಷ್ಕರಣೆ ಆರಿಸುತ್ತೇನೆ, ಅದರ ಸಂಖ್ಯೆ ಬರೆದಿಟ್ಟುಕೊಳ್ಳುತ್ತೇನೆ. ಟೆಂಪ್ಲೇಟುಗಳನ್ನು ಯಾರೂ ಬದಲಿಸದಿದ್ದರೆ, ಎಷ್ಟು ಸಲ ಇಳಿಸಿದರೂ ಅದೇ ಬರಹ ಸಿಗುತ್ತದೆ.

ಎಚ್‌ಟಿಎಂಎಲ್‌ನಲ್ಲಿ ಬೇಡದ್ದೂ ಜಾಸ್ತಿ. ‘ಸಂಪಾದಿಸಿ’ ಗುಂಡಿಗಳು, ಪಕ್ಕದ ಮಾಹಿತಿ ಚೌಕ, ಕೆಳಗಿನ ವರ್ಗಗಳ ಪಟ್ಟಿ, “ಈ ಲೇಖನವನ್ನು ಬೆಳೆಸಿ” ಎಂಬ ಕೋರಿಕೆ. ಎಲ್ಲವನ್ನೂ ಅಳಿಸುವ ಇನ್ನೊಂದು ಪ್ರೋಗ್ರಾಂ ಬರೆದೆ. ‘ಉಲ್ಲೇಖ ಬೇಕು’ ಎಂಬ ಗುರುತುಗಳನ್ನು ಮಾತ್ರ ಕಣ್ಣುಮುಚ್ಚಿ ಅಳಿಸಲಿಲ್ಲ. ಅಂಥ ಗುರುತಿರುವ ವಾಕ್ಯಕ್ಕೆ ಆಧಾರ ಹುಡುಕಿದೆ. ಸಿಗದಿದ್ದರೆ ವಾಕ್ಯವನ್ನೇ ತೆಗೆದೆ. ಗುರುತು ತೆಗೆದು ವಾಕ್ಯ ಉಳಿಸಿಕೊಳ್ಳುವುದು ಮೋಸ, ಅಲ್ವಾ?

ಕಾಣದ ಅಕ್ಷರ

ಇಡೀ ಕೆಲಸದಲ್ಲಿ ಜಾಸ್ತಿ ತಲೆಕೆಡಿಸಿದ್ದು ಇದು. ಅಳಿಸುವ ಪ್ರೋಗ್ರಾಂನಲ್ಲಿ ಒಂದು ಸಾಲು ಸೇರಿಸಿದ್ದೆ: ಕಣ್ಣಿಗೆ ಕಾಣದ ಅಕ್ಷರಗಳನ್ನೆಲ್ಲಾ ತೆಗೆ. ವೆಬ್ ಪುಟಗಳಲ್ಲಿ ಅಂಥ ಕಸ ತುಂಬಾ ಇರುತ್ತದೆ, ತೆಗೆದರೆ ಒಳ್ಳೆಯದು ಅಂದುಕೊಂಡೆ. ಮುದ್ರಿಸಿದ ಕರಡಿನಲ್ಲಿ ದೂರದರ್ಶಕದ ಲೇಖನ ಓದುತ್ತಾ ಹೋದರೆ “ಟೆಲಿಸ್ಕೋಪ್‌ನ” ಅಂತ ಇರಬೇಕಾದಲ್ಲಿ “ಟೆಲಿಸ್ಕೋಪ್ನ” ಅಂತ ಇದೆ. “ಸಾಫ್ಟ್‌ವೇರ್” ಹೋಗಿ “ಸಾಫ್ಟ್ವೇರ್” ಆಗಿದೆ. “ಪೇಪರ್‌ನಲ್ಲಿ” ಅನ್ನುವುದು “ಪೇಪರ್ನಲ್ಲಿ” ಆಗಿ ಅರ್ಕಾವತ್ತು ಹಾಕಿಕೊಂಡು ಕೂತಿದೆ.

ಕನ್ನಡದಲ್ಲಿ ವ್ಯಂಜನದ ಮೇಲೆ ಹಲಂತ ಬಂದು ಮುಂದೆ ಇನ್ನೊಂದು ವ್ಯಂಜನ ಇದ್ದರೆ, ಎರಡನೆಯದು ಒತ್ತಕ್ಷರವಾಗಿ ಕೆಳಗಿಳಿಯುತ್ತದೆ. ಅದು ಬೇಡ ಅಂದರೆ ನಡುವೆ ಒಂದು ಕಾಣದ ಅಕ್ಷರ ಇಡಬೇಕು. ಯೂನಿಕೋಡ್‌ನಲ್ಲಿ (ಎಲ್ಲಾ ಭಾಷೆಗಳ ಅಕ್ಷರಗಳಿಗೂ ಸಂಖ್ಯೆ ಕೊಡುವ ಪಟ್ಟಿ) ಅದರ ಸಂಖ್ಯೆ 200ಸಿ. ಅಗಲ ಸೊನ್ನೆ, ಕೆಲಸ ಮಾತ್ರ ದೊಡ್ಡದು: ಪಕ್ಕದವರು ಅಂಟಿಕೊಳ್ಳದಂತೆ ತಡೆಯುವುದು. ಇಂಗ್ಲಿಷ್ ಬರಹ ಶುಚಿ ಮಾಡಲು ಬರೆದ ಯಾವುದೋ ತುಣುಕನ್ನು ನಾನು ಹಾಗೇ ಎತ್ತಿಕೊಂಡಿದ್ದೆ, ಅದು ಇಂಥ ಎಲ್ಲವನ್ನೂ ಗುಡಿಸಿಹಾಕಿತ್ತು. ಆ ಸಾಲು ಅಳಿಸಿ ಮತ್ತೆ ಓಡಿಸಿದೆ. ಆದರೂ ಕೆಲವು ಕಡೆ ತಪ್ಪು ಉಳಿಯಿತು. ನೋಡಿದರೆ ಮೂಲ ಲೇಖನದಲ್ಲೇ ಆ ಅಕ್ಷರ ಹಾಕಿರಲಿಲ್ಲ. ಅವನ್ನು ಮೂಲದಲ್ಲೇ ತಿದ್ದಿ, ಹೊಸ ಪರಿಷ್ಕರಣೆಯ ಸಂಖ್ಯೆ ತೆಗೆದುಕೊಂಡೆ.

ಪುಟ ಕಟ್ಟಲು ವೀಜಿಪ್ರಿಂಟ್ ಬಳಸಿದೆ. ಎಚ್‌ಟಿಎಂಎಲ್ ಕೊಟ್ಟರೆ ಪುಟಸಂಖ್ಯೆ, ಅಂಚು, ಶಿರೋನಾಮೆ ಎಲ್ಲಾ ಹಾಕಿ ಪಿಡಿಎಫ್ ಮಾಡುವ ಉಚಿತ ತಂತ್ರಾಂಶ ಇದು. ಕನ್ನಡದ ಒತ್ತುಗಳನ್ನೂ ಸರಿಯಾಗಿ ಕೂರಿಸುತ್ತದೆ. ಫಾಂಟ್ ನೋಟೊ ಸೆರಿಫ್ ಕನ್ನಡ, ಅಳತೆ 11 ಪಾಯಿಂಟ್. ಸಾಲಿನ ಅಂತರವನ್ನು ಮೊದಲು 14 ಇಟ್ಟಿದ್ದೆ. ಇಂಗ್ಲಿಷ್‌ಗೆ ಅದು ಸಾಕು. ಕನ್ನಡದಲ್ಲಿ ಮೇಲಿನ ಸಾಲಿನ ಒತ್ತಕ್ಷರದ ಕಾಲು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತಿತ್ತು. 17ಕ್ಕೆ ಏರಿಸಿದ ಮೇಲೆ ಪುಟ ಉಸಿರಾಡಿತು. ಪುಟಗಳ ಸಂಖ್ಯೆಯೂ ಏರಿತು, ಏನು ಮಾಡುವುದು.

ಚಂದ್ರ ಎಷ್ಟು ದೂರ?

ತೂತು ಬಿದ್ದ ವಾಕ್ಯ ಸರಿಯಾದ ಮೇಲೆ ಇನ್ನೊಂದು ತಮಾಷೆ ಕಂಡಿತು. ‘ಚಂದ್ರ’ದಲ್ಲಿ ದೂರ 384,399 ಕಿ.ಮೀ. ಪಕ್ಕದ ‘ಉಬ್ಬರವಿಳಿತ’ದಲ್ಲಿ 3,84,400. ‘ದೂರದರ್ಶಕ’ದಲ್ಲಿ ೩,೮೪,೪೦೦. ಮೂರೂ ತಪ್ಪಲ್ಲ. ಮೊದಲನೆಯದು ಕಕ್ಷೆಯ ಅರೆ ದೀರ್ಘಾಕ್ಷ (ಅಂಡಾಕಾರದ ಕಕ್ಷೆಯ ಉದ್ದ ವ್ಯಾಸದ ಅರ್ಧ), ಉಳಿದೆರಡು ಅದನ್ನೇ ಸರಿಸುಮಾರು ಮಾಡಿದ್ದು. ಬೇರೆ ಬೇರೆ ಜನ ಬೇರೆ ಬೇರೆ ವರ್ಷ ಬರೆದಿದ್ದಾರೆ. ವೆಬ್‌ನಲ್ಲಿ ಯಾರೂ ಗಮನಿಸುವುದಿಲ್ಲ. ಒಂದೇ ಪುಸ್ತಕದಲ್ಲಿ ಹತ್ತು ಪುಟದ ಅಂತರದಲ್ಲಿ ಬಂದರೆ ಸಂಪಾದಕರು ನಿದ್ದೆ ಮಾಡುತ್ತಿದ್ದರು ಅನಿಸುತ್ತದೆ.

ಅಂಕಿಗಳನ್ನೆಲ್ಲಾ ಒಂದೇ ರೂಪಕ್ಕೆ ತಂದೆ. ದೂರವನ್ನು ಎಲ್ಲಾ ಕಡೆ 3,84,400 ಮಾಡಿ, ಚಂದ್ರನ ಲೇಖನದಲ್ಲಿ ಮಾತ್ರ ನಿಖರ ಸಂಖ್ಯೆ ಉಳಿಸಿದೆ. ಹೆಸರುಗಳದ್ದೂ ಇದೇ ಗೋಳು. ಬೆಂಕಿಯ ಲೇಖನದಲ್ಲಿ ‘ಆಮ್ಲಜನಕ’, ಮೇಣದಬತ್ತಿಯಲ್ಲಿ ‘ಆಕ್ಸಿಜನ್’. ನಾನು ‘ಆಮ್ಲಜನಕ’ಕ್ಕೆ ಓಟು ಹಾಕಿದೆ. ‘ಗುರುತ್ವ’ ಮತ್ತು ‘ಗುರುತ್ವಾಕರ್ಷಣೆ’ ನಡುವೆ ಒಂದು ಸಂಜೆ ಜಗಳವಾಡಿ ಗುರುತ್ವ ಗೆದ್ದಿತು, ಮೂರು ಅಕ್ಷರ ಉಳಿಯುತ್ತದೆ ಅನ್ನುವ ಕಾರಣಕ್ಕೆ.

ಚಿತ್ರಗಳ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಲೇಖನದಲ್ಲಿ ಕಾಣುವ ಚಿತ್ರ ಚಿಕ್ಕ ಪ್ರತಿ, ನಾನು ಇಳಿಸಿದ್ದರಲ್ಲಿ ಹೆಚ್ಚಿನವು 220 ಪಿಕ್ಸೆಲ್ ಅಗಲ. ಇಂಚಿಗೆ 300 ಚುಕ್ಕಿ ಲೆಕ್ಕದಲ್ಲಿ ಅದು ಕಾಗದದ ಮೇಲೆ 1.9 ಸೆಂಟಿಮೀಟರ್ ಕೂಡ ಇಲ್ಲ. ಮೊದಲ ಪ್ರತಿಯಲ್ಲಿ ಅದನ್ನೇ 7 ಸೆಂಟಿಮೀಟರಿಗೆ ಹಿಗ್ಗಿಸಿದ್ದೆ. ಜೇನುನೊಣ ಮೆಟ್ಟಿಲು ಮೆಟ್ಟಿಲಾಗಿ ಬಂದಿತ್ತು. ಈ ಸಲ ವಿಕಿಪೀಡಿಯದ ಚಿತ್ರಭಂಡಾರ ಕಾಮನ್ಸ್‌ನಿಂದ ಮೂಲ ಗಾತ್ರದ ಚಿತ್ರಗಳನ್ನೇ ಇಳಿಸಿದೆ.

ಬಾಗಿಲಿಗೆ ಪುಟಸಂಖ್ಯೆ

ಈಗ ಕೊಂಡಿಗಳ ಸರದಿ. ಪುಸ್ತಕದೊಳಗಿನ ಲೇಖನಕ್ಕೆ ಹೋಗುವ ಕೊಂಡಿಗಳ ಮುಂದೆ ಒಂದು ಸಣ್ಣ ತ್ರಿಕೋನ ಮತ್ತು ಪುಟಸಂಖ್ಯೆ. ಉಳಿದ ಸಾವಿರಾರು ಕೊಂಡಿಗಳ ಬಣ್ಣ ಅಳಿಸಿ ಮಾಮೂಲಿ ಅಕ್ಷರ ಮಾಡಿದೆ. ವೀಜಿಪ್ರಿಂಟ್‌ಗೆ “ಈ ಕೊಂಡಿ ಹೋಗುವ ಜಾಗದ ಪುಟಸಂಖ್ಯೆ ಇಲ್ಲಿ ಹಾಕು” ಅಂತ ಒಂದೇ ಸಾಲಿನ ಸಿಎಸ್‌ಎಸ್‌ನಲ್ಲಿ (ಪುಟದ ವಿನ್ಯಾಸ ತಿಳಿಸುವ ಭಾಷೆ) ಹೇಳಬಹುದು. ಪುಟ ಬದಲಾದರೆ ಸಂಖ್ಯೆಯೂ ತಾನೇ ಬದಲಾಗುತ್ತದೆ. ಅಚ್ಚಿನಲ್ಲಿ ಹೀಗೆ ಕಾಣುತ್ತದೆ:

“ಕೆಲಸಗಾರ ನೊಣಗಳು ಹೊಟ್ಟೆಯ ಅಡಿಭಾಗದ ಗ್ರಂಥಿಗಳಿಂದ ಮೇಣ ▸19 ಸ್ರವಿಸುತ್ತವೆ.”

ಈ ಸಣ್ಣ ಗುರುತು ಮಾಡಿದ ಬದಲಾವಣೆ ನೋಡಿ ನನಗೇ ಆಶ್ಚರ್ಯವಾಯಿತು. ಕರಡು ಓದಲು ಕೊಟ್ಟ ಮನೆಯವರು 19ಕ್ಕೆ ಹಾರಿದರು. ಅಲ್ಲಿಂದ 26ಕ್ಕೆ. ಬೆರಳನ್ನು ಎರಡು ಪುಟಗಳ ನಡುವೆ ಸಿಕ್ಕಿಸಿಕೊಂಡು ಮುಂದೆ ಹಿಂದೆ ಹೋಗಿ ಬಂದು ಮಾಡಿದರು. ಮೊದಲ ಪ್ರತಿಯನ್ನು ಯಾರೂ ಹಾಗೆ ಓದಿರಲಿಲ್ಲ.

ಕೊನೆಯ ಪದಸೂಚಿಯಲ್ಲಿ ಒಂದು ಎಡವಟ್ಟು. ಕಂಪ್ಯೂಟರಿಗೆ ಅಕಾರಾದಿಯಾಗಿ ಜೋಡಿಸು ಅಂದರೆ ಅಲೆ, ಅಳತೆ, ಅವಧಿ ಅಂತ ಇಟ್ಟಿತು. ಯೂನಿಕೋಡ್ ಪಟ್ಟಿಯಲ್ಲಿ ಳ ಬರುವುದು ಲ ಆದ ತಕ್ಷಣ. ನಮ್ಮ ವರ್ಣಮಾಲೆಯಲ್ಲಿ ಅದು ಹ ಆದ ಮೇಲೆ, ಎಲ್ಲರಿಗಿಂತ ಕೊನೆಯಲ್ಲಿ. ಅಲೆ, ಅವಧಿ, ಅಳತೆ ಅಂತ ಬರಬೇಕು. ಜೋಡಿಸುವ ಮೊದಲು ಳ ಅಕ್ಷರಕ್ಕೆ ತಾತ್ಕಾಲಿಕವಾಗಿ ದೊಡ್ಡ ಸಂಖ್ಯೆ ಕೊಟ್ಟು ಸರಿ ಮಾಡಿದೆ.

ಬರೆದವರ ಹೆಸರು

ವಿಕಿಪೀಡಿಯದ ಬರಹ ಉಚಿತ, ಆದರೆ ಷರತ್ತಿಲ್ಲದೆ ಅಲ್ಲ. ಈಗ ಅದು ಕ್ರಿಯೇಟಿವ್ ಕಾಮನ್ಸ್‌ನ ‘ಬಿವೈ-ಎಸ್‌ಎ 4.0’ ಪರವಾನಗಿಯಲ್ಲಿದೆ. 2023ರವರೆಗೆ 3.0 ಇತ್ತು. ಅಚ್ಚು ಹಾಕಬಹುದು, ಮಾರಲೂಬಹುದು. ಆದರೆ ಮೂಲ ಯಾವುದೆಂದು ಹೇಳಬೇಕು, ಪರವಾನಗಿ ತಿಳಿಸಬೇಕು, ಏನಾದರೂ ಬದಲಿಸಿದ್ದರೆ ಬದಲಿಸಿದ್ದೇನೆ ಅನ್ನಬೇಕು, ಬದಲಿಸಿದ್ದನ್ನು ಹಂಚಿದರೆ ಅದೇ ಪರವಾನಗಿಯಲ್ಲಿ ಹಂಚಬೇಕು. ನಾನು ಅನುವಾದಿಸಿದ ಏಳು ಲೇಖನಗಳಿಗೂ ಇದೇ ಅನ್ವಯ. ಬರೆದದ್ದು ನಾನೇ ಆದರೂ ಹಕ್ಕು ಪೂರ್ತಿ ನನ್ನದಲ್ಲ.

ಕೆಲವು ಪ್ರಕಾಶಕರು ವಿಕಿ ಲೇಖನಗಳನ್ನು ಕಟ್ಟಿ, ಭರ್ಜರಿ ಹೆಸರಿಟ್ಟು ಮಾರುತ್ತಾರೆ. ನನ್ನ ಹತ್ತಿರವೂ ಅಂಥದ್ದೊಂದಿದೆ, ಗೊತ್ತಿಲ್ಲದೆ ತರಿಸಿದ್ದು. ಉಬ್ಬರವಿಳಿತದ ಬಗ್ಗೆ ಅಂತ ಮುಖಪುಟ ಹೇಳುತ್ತದೆ. ಒಳಗೆ ಉಬ್ಬರವಿಳಿತಕ್ಕೆ ಹದಿನಾಲ್ಕು ಪುಟ, ಉಳಿದದ್ದು ಸಿಕ್ಕಿದ್ದೆಲ್ಲಾ. ಕೊಂಡಿಗಳಿದ್ದ ಪದಗಳ ಕೆಳಗೆ ಗೆರೆಗಳು ಹಾಗೇ ಉಳಿದಿವೆ. ಬೆರಳಿಟ್ಟು ಒತ್ತಿದರೆ ಏನೂ ಆಗುವುದಿಲ್ಲ. ಪರವಾನಗಿ ಇದೆ, ಮೂಲ ಹೇಳಿದ್ದಾರೆ, ಕಾನೂನಿಗೆ ಸರಿ. ಒಬ್ಬರಾದರೂ ಅದನ್ನು ಮೊದಲಿಂದ ಕೊನೆವರೆಗೆ ಓದಿ ಅಚ್ಚಿಗೆ ಕಳಿಸಿದ್ದಾರೆ ಅಂತ ಮಾತ್ರ ಅನಿಸುವುದಿಲ್ಲ.

ಮೂಲ ಹೇಳಲು ಲೇಖನದ ವಿಳಾಸ ಕೊಟ್ಟರೆ ಸಾಕು. ನಾನು ವಿಳಾಸ, ಪರಿಷ್ಕರಣೆಯ ಸಂಖ್ಯೆ, ಇಳಿಸಿದ ದಿನಾಂಕ ಮೂರನ್ನೂ ಹಾಕಿದೆ. ಬರೆದವರ ಬಳಕೆಹೆಸರುಗಳನ್ನೂ ಹಾಕೋಣ ಅಂತ 7 ಪಾಯಿಂಟ್ ಅಕ್ಷರದಲ್ಲಿ ಸೇರಿಸಿದರೆ ಐದು ಪುಟ ಹಿಡಿಯಿತು. 2015ರಲ್ಲಿ ಮೈಕೆಲ್ ಮ್ಯಾಂಡಿಬರ್ಗ್ ಎಂಬ ಕಲಾವಿದ ಇಡೀ ಇಂಗ್ಲಿಷ್ ವಿಕಿಪೀಡಿಯವನ್ನು ಅಚ್ಚಿಗೆ ಸಿದ್ಧ ಮಾಡಿದಾಗ 7,473 ಸಂಪುಟ ಆಗಿತ್ತು. ಅದರ ಜೊತೆ ಬರೆದವರ ಹೆಸರುಗಳಿಗೇ 36 ಸಂಪುಟ. ಅದರ ಮುಂದೆ ನನ್ನ ಐದು ಪುಟ ಏನು ಮಹಾ. ಚಿತ್ರಗಳಿಗೆ ಒಂದೊಂದಕ್ಕೂ ಬೇರೆ ಪರವಾನಗಿ ಇರುತ್ತದೆ, ಅದಕ್ಕೆ ಪ್ರತ್ಯೇಕ ಪಟ್ಟಿ.

ಎಲ್ಲಾ ಸೇರಿ 205 ಪುಟ.

ಮಡಿಕೆ

205 ಅನ್ನುವುದು ಹೊಲಿಯುವವರಿಗೆ ಬೇಡದ ಸಂಖ್ಯೆ. ನಾಲ್ಕು ಎ4 ಹಾಳೆ ಒಟ್ಟಿಗೆ ಮಡಿಸಿದರೆ 16 ಪುಟದ ಒಂದು ಫಾರಂ. ಆದ್ದರಿಂದ ಮೂರು ಖಾಲಿ ಪುಟ ಸೇರಿಸಿ 208 ಮಾಡಿದೆ. 13 ಫಾರಂ, 52 ಹಾಳೆ.

ಯಾವ ಪುಟ ಯಾವ ಹಾಳೆಯ ಮೇಲೆ ಅನ್ನುವುದು ಮೊದಲಿಗೆ ತಲೆತಿರುಗಿಸುತ್ತದೆ. ಹೊರಗಿನ ಹಾಳೆಯ ಒಂದು ಮುಖದಲ್ಲಿ 16 ಮತ್ತು 1, ಹಿಂದೆ 2 ಮತ್ತು 15. ಅದರ ಒಳಗಿನದರಲ್ಲಿ 14 ಮತ್ತು 3, ಹಿಂದೆ 4 ಮತ್ತು 13. ಪ್ರತಿ ಫಾರಂನ ಪುಟಗಳನ್ನು 1ರಿಂದ ಎಣಿಸಿದರೆ, ಅಕ್ಕಪಕ್ಕದ ಎರಡು ಸಂಖ್ಯೆ ಕೂಡಿದಾಗ ಯಾವಾಗಲೂ 17 ಬರಬೇಕು. ಬರದಿದ್ದರೆ ತಪ್ಪಾಗಿದೆ. ಇಷ್ಟು ತಿಳಿದರೆ ಮಿಕ್ಕದ್ದು ಪ್ರೋಗ್ರಾಂ ಮಾಡುತ್ತದೆ.

ಪ್ರಿಂಟರಿನಲ್ಲಿ ಎರಡೂ ಬದಿ ಮುದ್ರಿಸುವಾಗ ‘ಚಿಕ್ಕ ಅಂಚಿನಲ್ಲಿ ತಿರುಗಿಸು’ ಅಂತ ಆರಿಸಬೇಕು. ನಾನು ಉದ್ದ ಅಂಚು ಇಟ್ಟಿದ್ದೆ. ಮೊದಲ ಫಾರಂನಲ್ಲಿ ಹಿಂಬದಿ ಪುಟಗಳೆಲ್ಲಾ ಶೀರ್ಷಾಸನ. ನಾಲ್ಕೇ ಹಾಳೆ ಹಾಳಾದದ್ದು, ಏಕೆಂದರೆ ಈ ಸಲ ಬುದ್ಧಿ ಕಲಿತು ಒಂದು ಫಾರಂ ಮಾತ್ರ ಮುದ್ರಿಸಿ ನೋಡಿದ್ದೆ.

ಕಾಗದಕ್ಕೂ ಎಳೆ ಇರುತ್ತದೆ, ಮರಕ್ಕೆ ಇರುವಂತೆ. ಎಳೆ ಪುಸ್ತಕದ ಬೆನ್ನಿನ ಉದ್ದಕ್ಕೆ ಓಡಬೇಕು. ಆಗ ಪುಟ ಮೆತ್ತಗೆ ಬಾಗುತ್ತದೆ. ಸಾಮಾನ್ಯ ಎ4 ಹಾಳೆಯಲ್ಲಿ ಎಳೆ ಉದ್ದ ಬದಿಗೆ ಇರುತ್ತದೆ. ಅರ್ಧಕ್ಕೆ ಮಡಿಸಿದಾಗ ಅದು ಬೆನ್ನಿಗೆ ಅಡ್ಡ ಬರುತ್ತದೆ. ಮೊದಲ ಪ್ರತಿ ಹಾಳೆ ಉದುರಿಸಿದ್ದಕ್ಕೆ ಅರ್ಧ ಕಾರಣ ಇದೇ. ಬಿಡಿ ಹಾಳೆಗಳ ಅಂಚಿಗೆ ಗೋಂದು ಹಚ್ಚಿದ್ದೆ. ಪ್ರತಿ ಸಲ ತೆರೆದಾಗಲೂ ಗಡಸು ಹಾಳೆ ಗೋಂದಿನ ಮೇಲೆ ಸನ್ನೆಕೋಲಿನಂತೆ ಮೀಟುತ್ತಿತ್ತು. ಈ ಸಲವೂ ಎಳೆ ಅಡ್ಡವೇ, ಬೇರೆ ಕಾಗದ ಸಿಗಲಿಲ್ಲ. ಆದರೆ ಈಗ ಹಿಡಿದಿರುವುದು ದಾರ.

ದಾರ

ಫಾರಂಗಳನ್ನು ಮಡಿಸಿ, ಚಮಚದ ಹಿಂಬದಿಯಿಂದ ಉಜ್ಜಿ, ಒಂದು ರಾತ್ರಿ ಭಾರದ ಕೆಳಗೆ ಇಟ್ಟೆ. ಬೆಳಿಗ್ಗೆ ರಟ್ಟನ್ನು ಇಂಗ್ಲಿಷಿನ ವಿ ಆಕಾರಕ್ಕೆ ಬಗ್ಗಿಸಿ, ಅದರಲ್ಲಿ ಒಂದೊಂದೇ ಫಾರಂ ಕೂರಿಸಿ, ದಬ್ಬಳದಿಂದ ಮಡಿಕೆಯಲ್ಲಿ ಆರು ತೂತು ಚುಚ್ಚಿದೆ. ತುದಿಯ ಎರಡು ಗಂಟಿಗೆ. ನಡುವಿನ ನಾಲ್ಕು ಎರಡು ಪಟ್ಟಿಗಳಿಗೆ. ಬೆನ್ನಿಗೆ ಅಡ್ಡವಾಗಿ ನಿಲ್ಲುವ ಈ ಬಟ್ಟೆಯ ಪಟ್ಟಿಗಳನ್ನು ದಾರ ಸುತ್ತಿ ಹಾಯುತ್ತದೆ.

ದಾರ ನಾರಿನದು. ಅದನ್ನು ಜೇನುಮೇಣದ ತುಂಡಿನ ಮೇಲೆ ಮೂರು ಸಲ ಎಳೆದೆ. ಮೇಣ ಹಚ್ಚಿದರೆ ದಾರ ಗೋಜಲಾಗುವುದಿಲ್ಲ, ಗಂಟು ಜಾರುವುದಿಲ್ಲ. 19ನೇ ಪುಟದ ಮೇಣ ಪುಸ್ತಕದ ಬೆನ್ನಿನಲ್ಲೂ ಇದೆ ಅಂತ ಆಗ ಹೊಳೆದು ಒಬ್ಬನೇ ನಕ್ಕೆ.

ಮೂರನೇ ಫಾರಂನಿಂದ ಕೈ ಪಳಗಿತು. ತುದಿಯ ತೂತಿನಿಂದ ಸೂಜಿ ಹೊರಗೆ ಬರುತ್ತದೆ. ಕೆಳಗಿನ ಎರಡು ಫಾರಂಗಳ ನಡುವೆ, ಹಿಂದಿನ ಹೊಲಿಗೆಯ ಹಿಂದಿನಿಂದ ಸೂಜಿ ತೂರಿಸಬೇಕು. ದಾರ ಪೂರ್ತಿ ಎಳೆಯುವ ಮೊದಲು ಸಣ್ಣ ಕುಣಿಕೆ ಉಳಿಯುತ್ತದೆ. ಸೂಜಿಯನ್ನು ಆ ಕುಣಿಕೆಯೊಳಗೆ ತಂದು ಮೇಲಕ್ಕೆ ಎಳೆದರೆ ‘ಟಕ್’ ಅಂತ ಕೂರುತ್ತದೆ. ಅಲ್ಲಿಂದ ಮೇಲಿನ ಫಾರಂಗೆ. ಎಳೆಯುವ ದಿಕ್ಕು ಬೆನ್ನಿಗೆ ಸಮಾನಾಂತರವಾಗಿರಬೇಕು, ನಮ್ಮ ಕಡೆಗಲ್ಲ. ಐದನೇ ಫಾರಂನಲ್ಲಿ ಮಾತಾಡುತ್ತಾ ನನ್ನ ಕಡೆಗೆ ಎಳೆದುಬಿಟ್ಟೆ. ಒಳಗಿನ ಹಾಳೆ ತೂತಿನಿಂದ ಎರಡು ಸೆಂಟಿಮೀಟರ್ ಹರಿಯಿತು. ತೆಳು ಕಾಗದದ ಪಟ್ಟಿ ಗಂಜಿಯಿಂದ ಅಂಟಿಸಿ, ಒಣಗಿದ ಮೇಲೆ ಹೊಸ ತೂತು ಹಾಕಿದೆ.

ಒಟ್ಟು ಮೂರು ಮೀಟರಿಗಿಂತ ಜಾಸ್ತಿ ದಾರ ಬೇಕಾಯಿತು. ಒಂದೇ ಉದ್ದಕ್ಕೆ ತೆಗೆದುಕೊಳ್ಳಬೇಡಿ. ಎರಡು ತುಂಡು ಮಾಡಿ, ನಡುವಿನ ಗಂಟು ಫಾರಂನ ಒಳಗೆ ಬರುವಂತೆ ನೋಡಿಕೊಳ್ಳಿ.

ಬೆನ್ನಿಗೆ ಪಿವಿಎ ಎಂಬ ಬಿಳಿ ಗೋಂದು, ಅದರ ಮೇಲೆ ತೆಳು ಜಾಳಿಗೆ ಬಟ್ಟೆ, ಮತ್ತೆ ಗೋಂದು. ರಟ್ಟು 2 ಮಿಲಿಮೀಟರ್ ದಪ್ಪ. ಎತ್ತರ 216 ಮಿಲಿಮೀಟರ್, ಅಂದರೆ ಪುಟಕ್ಕಿಂತ ಮೇಲೆ ಕೆಳಗೆ ಮೂರು ಮೂರು ಜಾಸ್ತಿ. ಬೆನ್ನಿನ ಅಳತೆಯಲ್ಲಿ ಎಡವಿದೆ. 104 ಎಲೆ, ಒಂದೊಂದು 0.1 ಮಿಲಿಮೀಟರ್, ಹಾಗಾಗಿ ಹತ್ತೂವರೆ ಅಂತ ಕತ್ತರಿಸಿದೆ. ದಾರವೂ ಮಡಿಕೆಯೂ ಸೇರಿ ಬೆನ್ನು 13ಕ್ಕೆ ಉಬ್ಬಿತ್ತು. ಲೆಕ್ಕ ಬೇಡ, ಹೊಲಿದ ಮೇಲೆ ಅಳತೆಪಟ್ಟಿ ಇಟ್ಟು ನೋಡಿ.

ಮೊದಲ ಪ್ರತಿ

ಅದನ್ನು ಎಸೆಯಲು ಮನಸ್ಸಾಗಲಿಲ್ಲ. “ಹಾಯ್ ಎಲ್ರಿಗೂ” ಇರುವ ಏಕೈಕ ಮುದ್ರಣ ಅದು. ಹಳೆ ಗೋಂದನ್ನು ಕೆರೆದು ತೆಗೆದೆ. ಬಿಡಿ ಹಾಳೆಗಳನ್ನು ಎರಡು ಹಲಗೆಗಳ ನಡುವೆ, ಬೆನ್ನಿನ ಕಡೆ ಎರಡು ಬೆರಳಷ್ಟು ಹೊರಗೆ ಬರುವಂತೆ ಹಿಡಿದೆ. ಅಂಚನ್ನು ಒಂದು ಕಡೆಗೆ ಬೀಸಣಿಗೆಯಂತೆ ಬಾಗಿಸಿದರೆ ಪ್ರತಿ ಹಾಳೆಯ ಕೂದಲೆಳೆಯಷ್ಟು ಅಂಚು ಹೊರಗೆ ಕಾಣುತ್ತದೆ. ಅಲ್ಲಿ ಪಿವಿಎ ಹಚ್ಚಿದೆ. ಆಮೇಲೆ ಇನ್ನೊಂದು ಕಡೆಗೆ ಬಾಗಿಸಿ ಅದೇ ಕೆಲಸ. ಈಗ ಗೋಂದು ಅಂಚಿನ ಮೇಲೆ ಮಾತ್ರ ಅಲ್ಲ, ಹಾಳೆಯ ಎರಡೂ ಮೈಗೆ ತುಸು ತುಸು ಹಿಡಿದಿದೆ. ಎರಡು ತಿಂಗಳಾಯಿತು, ಒಂದು ಹಾಳೆಯೂ ಬಿದ್ದಿಲ್ಲ. ಪುಟಸಂಖ್ಯೆ ಮಾತ್ರ 24 ಸಲ 1ರಿಂದ ಶುರುವಾಗುತ್ತದೆ.

ಎರಡನೆಯದರ ಮುಖದ ರಟ್ಟು ಸ್ವಲ್ಪ ಹೊರಕ್ಕೆ ಬಾಗಿದೆ. ಒಳಗಿನ ಕಾಗದ ಅಂಟಿಸುವಾಗ ಅವಸರ ಮಾಡಿದೆ, ಅದನ್ನು ಬಿಚ್ಚಿ ಮತ್ತೆ ಅಂಟಿಸಬೇಕು. ಹಿಂದಿನ ಮೂರು ಖಾಲಿ ಪುಟಗಳಲ್ಲಿ ಮೊದಲನೆಯದರ ಮೇಲೆ ಪೆನ್ಸಿಲ್‌ನಲ್ಲಿ ತಪ್ಪುಗಳ ಪಟ್ಟಿ ಶುರುವಾಗಿದೆ. ಮೊದಲ ಸಾಲು ನನ್ನ ಅಕ್ಷರವಲ್ಲ: “ಪುಟ 88, ಮಸೂರದ ಚಿತ್ರ ತಲೆಕೆಳಗಾಗಿದೆ.” ನೋಡಿದೆ. ಚಿತ್ರ ಸರಿಯಾಗೇ ಇದೆ, ಮಸೂರ ತೋರಿಸುವುದೇ ಹಾಗೆ. ಅದರ ಪಕ್ಕ ▸ ಹಾಕಿ ವಿವರಣೆ ಇರುವ ಪುಟದ ಸಂಖ್ಯೆ ಬರೆದೆ.